ಡೆಸ್ಕ್‌ಟಾಪ್‌ಗೆ ರ‍್ಯಾಮ್ ತಗೊಳ್ಳೋ ಮುಂಚೆ ಒಂದು ಚೀಟಿ ಬರ್ಕೊಳ್ಳಿ

ನಮ್ಮಕ್ಕ ಬೇಲೂರಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಕೊಂಡಿದಾಳೆ. ಜೂನ್ ತಿಂಗಳು, ಅಡ್ಮಿಷನ್ ಟೈಮು, ಇನ್‌ಕಮ್ ಸರ್ಟಿಫಿಕೇಟು ಸ್ಕಾಲರ್‌ಶಿಪ್ ಅರ್ಜಿ ಅಂತ ಬಾಗಿಲ ಮುಂದೆ ಜನ ಛತ್ರಿ ಹಿಡ್ಕೊಂಡು ನಿಂತಿರ್ತಾರೆ. ಅಂಥ ಟೈಮಲ್ಲೇ ಒಂದಿನ ಬೆಳಗ್ಗೆ ಫೋನು. "ಲೋ, ಕಂಪ್ಯೂಟರ್ ಸತ್ತೋಯ್ತು ಕಣೋ, ಹೊಸ ರ‍್ಯಾಮ್ ಬಂತು ಅಂತ ಹಾಕ್ದೆ, ಆನ್ ಮಾಡಿದ್ರೆ ಪೀಂ ಪೀಂ ಅಂತದೆ, ಡಿಸ್ಪ್ಲೇನೇ ಬರ್ತಿಲ್ಲ, ಮದರ್‌ಬೋರ್ಡೇ ಸುಟ್ಟೋಗಿರ್ಬೇಕು." ನಾನು ಹಾಸನದಿಂದ ಬಸ್ ಹತ್ತಿ ಹೋಗಿ ಕ್ಯಾಬಿನೆಟ್ ಬಿಚ್ಚಿ ನೋಡಿದ್ರೆ ಬೋರ್ಡಿಗೆ ಏನೂ ಆಗಿರಲಿಲ್ಲ, ಹೊಸ ರ‍್ಯಾಮ್ ತೆಗೆದು ಹಳೇದನ್ನ ಹಾಕಿದ ತಕ್ಷಣ ವಿಂಡೋಸ್ ಬಂತು.

ಆಮೇಲೆ ಆ ಹೊಸ ಸ್ಟಿಕ್ಕನ್ನ, ಅಂದ್ರೆ ಕಂಪ್ಯೂಟರ್ ಓಡುವಾಗ ಬಳಸೋ ಮೆಮೊರಿಯ ಆ ಉದ್ದನೇ ಪಟ್ಟೀನ, ಮೊಬೈಲ್ ಟಾರ್ಚ್ ಕೆಳಗೆ ಹಿಡಿದು ಲೇಬಲ್ ಓದಿದೆ. ಹಳೇದರ ಮೇಲೆ ಪಿಸಿ3-12800ಯು ಅಂತಿತ್ತು, ಹೊಸದರ ಮೇಲೆ ಪಿಸಿ3ಎಲ್-12800ಆರ್ ಅಂತಿತ್ತು. ನಡುವಿನ ಎಲ್ ಬಿಡಿ, ಅದರ ಕಥೆ ಆಮೇಲೆ ಹೇಳ್ತೀನಿ, ಎಡವಟ್ಟಾಗಿದ್ದು ಕೊನೇಲಿರೋ ಒಂದೇ ಒಂದು ಅಕ್ಷರದಿಂದ. ಯು ಅಂದ್ರೆ ನಮ್ಮ ನಿಮ್ಮ ಮನೇಲಿರೋ ಸಾದಾ ಡೆಸ್ಕ್‌ಟಾಪ್ ರ‍್ಯಾಮ್, ಆರ್ ಅಂದ್ರೆ ಸರ್ವರ್‌ಗೆ ಹಾಕೋದು, ಸೈಜ್ ಒಂದೇ, ಪಿನ್ ಒಂದೇ, ಸ್ಲಾಟಲ್ಲಿ ಸಲೀಸಾಗಿ ಕೂತ್ಕೊಳ್ಳುತ್ತೆ, ಆದ್ರೆ ಅವಳ ಬೋರ್ಡಲ್ಲಿ ಜನ್ಮದಲ್ಲೂ ಆನ್ ಆಗಲ್ಲ. ಆನ್‌ಲೈನಲ್ಲಿ "8ಜಿಬಿ ಡಿಡಿಆರ್3" ಅಂತ ಹುಡುಕಿ ಯಾವುದು ಕಮ್ಮಿಗೆ ಸಿಗ್ತೋ ಅದನ್ನ ತರಿಸಿದ್ಲು, ಅಷ್ಟೇ ಆಗಿದ್ದು. ಆ ಎರಡು ದಿನ ಅಂಗಡಿ ಕೆಲಸ ನಿಂತಿದ್ದು ಬೇರೆ.

ಇದನ್ನ ಯಾಕೆ ಬರೀತಿದೀನಿ ಅಂದ್ರೆ ನಮ್ ಕಡೆ ಹತ್ತರಲ್ಲಿ ಎಂಟು ಜನ ರ‍್ಯಾಮ್ ಕೇಳೋದೇ "ಎಂಟು ಜಿಬಿದು ಕೊಡಿ" ಅಂತ. ಎಂಟು ಜಿಬಿ ಅನ್ನೋದು ಅಳತೆ ಮಾತ್ರ ಸ್ವಾಮಿ. ಚಪ್ಪಲಿ ಅಂಗಡಿಗೆ ಹೋಗಿ "ಎಂಟನೇ ನಂಬರ್ ಕೊಡಿ" ಅಂದ್ರೆ ಸಾಕಾ, ಗಂಡಸರದ್ದೋ ಹೆಂಗಸರದ್ದೋ ಬೂಟೋ ಹವಾಯಿನೋ ಹೇಳಬೇಕು ತಾನೆ, ಇದೂ ಹಂಗೇನೇ. ಯಾವ ರ‍್ಯಾಮ್ ಹಿಡಿಸುತ್ತೆ ಅನ್ನೋದನ್ನ ನಿಮ್ಮ ಮದರ್‌ಬೋರ್ಡು ಮತ್ತೆ ಪ್ರೊಸೆಸರು ಆಗಲೇ ತೀರ್ಮಾನ ಮಾಡಿಟ್ಟಿವೆ, ನಾವು ಮಾಡಬೇಕಾಗಿರೋದು ಅದನ್ನ ಕೇಳಿ ತಿಳ್ಕೊಂಡು ಒಂದು ಚೀಟೀಲಿ ಬರ್ಕೊಳ್ಳೋದು. ಚೀಟಿ ಕೈಯಲ್ಲಿದ್ರೆ ಹಾಸನದ ಬಿ.ಎಂ. ರಸ್ತೆ ಅಂಗಡೀಲಿ ಕೊಂಡ್ರೂ ಸರಿ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದ್ರೂ ಸರಿ, ಆನ್‌ಲೈನಲ್ಲಿ ತರಿಸಿದ್ರೂ ಸರಿ, ದುಡ್ಡು ದಂಡ ಆಗಲ್ಲ.

ಶುರು ಮಾಡೋ ಮುಂಚೆ ಒಂದು ವಿಷಯ ನೋಡ್ಕೊಳ್ಳಿ, ನಿಜವಾಗ್ಲೂ ರ‍್ಯಾಮೇ ಸಾಲ್ತಿಲ್ವಾ ಅಂತ. ನೀವು ದಿನಾ ಮಾಡೋ ಕೆಲಸ ಎಲ್ಲಾ ಓಪನ್ ಮಾಡಿ, ಕ್ರೋಮಲ್ಲಿ ಏಳೆಂಟು ಟ್ಯಾಬು, ಫೋಟೋಶಾಪು, ಟ್ಯಾಲಿ, ಏನಿದ್ಯೋ ಅದೆಲ್ಲ, ಆಮೇಲೆ ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ಬರುತ್ತೆ, ಅದರಲ್ಲಿ ಪರ್ಫಾರ್ಮೆನ್ಸ್ ಅಂತಿದೆ, ಅಲ್ಲಿ ಮೆಮೊರಿ ಎಷ್ಟು ಪರ್ಸೆಂಟ್ ತುಂಬಿದೆ ನೋಡಿ. ಸದಾ 85-90 ಪರ್ಸೆಂಟ್ ಮೇಲೇ ಇದ್ರೆ ರ‍್ಯಾಮ್ ಹಾಕಿಸಿ. ಮೆಮೊರಿ 50 ಪರ್ಸೆಂಟ್ ಇದ್ದು ಡಿಸ್ಕ್ ಮಾತ್ರ 100ರಲ್ಲೇ ನಿಂತಿದ್ರೆ, ಒಳಗಿರೋದು ಹಳೇ ಹಾರ್ಡ್ ಡಿಸ್ಕ್ ಆಗಿದ್ರೆ, ಮೊದಲು ಅದರ ಬದಲು ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ, ರ‍್ಯಾಮ್ ಆಮೇಲೆ ನೋಡೋಣ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನೊಂದು, ವಿಂಡೋಸ್ 32 ಬಿಟ್ಟೋ 64 ಬಿಟ್ಟೋ. 'ದಿಸ್ ಪಿಸಿ' ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ಒತ್ತಿದ್ರೆ ಅಲ್ಲೇ ಬರೆದಿರುತ್ತೆ. 32 ಬಿಟ್ ಇದ್ರೆ ನೀವು 16 ಜಿಬಿ ತುಂಬಿದ್ರೂ ಅದು 4 ಜಿಬಿ ಮೇಲೆ ಬಳಸಲ್ಲ, ಅದರಲ್ಲೂ ಕೈಗೆ ಸಿಗೋದು ಮೂರೂಕಾಲು ಮೂರೂವರೆ ಅಷ್ಟೇ. ಹಳೇ ಅಂಗಡಿ ಕಂಪ್ಯೂಟರ್‌ಗಳಲ್ಲಿ ಈಗ್ಲೂ 32 ಬಿಟ್ ವಿಂಡೋಸ್ 7 ಓಡ್ತಿರೋದನ್ನ ನೋಡಿದೀನಿ, ಅಂಥವ್ರು ಮೊದಲು ವಿಂಡೋಸ್ ಬದಲಾಯಿಸ್ಬೇಕು.

ಸರಿ, ಈಗ ಚೀಟಿ ತಗೊಳ್ಳಿ.

ಮೊದಲನೇ ಸಾಲು, ಈಗ ಒಳಗೆ ಏನಿದೆ. ಅದೇ ಟಾಸ್ಕ್ ಮ್ಯಾನೇಜರ್ ಮೆಮೊರಿ ಪೇಜಲ್ಲಿ ಕೆಳಗೆ ಸ್ಪೀಡ್ ಎಷ್ಟು, ಸ್ಲಾಟ್ ಎಷ್ಟರಲ್ಲಿ ಎಷ್ಟು ಬಳಸಿದೆ, ಫಾರ್ಮ್ ಫ್ಯಾಕ್ಟರ್ (ಸ್ಟಿಕ್ಕಿನ ಆಕಾರ) ಏನು ಅಂತ ಬರುತ್ತೆ. ಸ್ಲಾಟ್ಸ್ ಯೂಸ್ಡ್ 1 ಆಫ್ 2 ಅಂದ್ರೆ ಒಂದು ಖಾಲಿ ಇದೆ ಅಂತ. ಬೋರ್ಡಿನ ಮಾಡೆಲ್ ಬೇಕು ಅಂದ್ರೆ ಸಿಪಿಯು-ಜಡ್ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ, ಅದನ್ನ ಹಾಕ್ಕೊಂಡ್ರೆ ಮೇನ್‌ಬೋರ್ಡ್ ಟ್ಯಾಬಲ್ಲಿ ಬೋರ್ಡ್ ಹೆಸರು, ಎಸ್‌ಪಿಡಿ ಟ್ಯಾಬಲ್ಲಿ ಒಂದೊಂದು ಸ್ಲಾಟಲ್ಲಿ ಯಾವ ಕಂಪನಿ ಸ್ಟಿಕ್ ಇದೆ ಎಷ್ಟು ಜಿಬಿ ಅಂತ ಎಲ್ಲಾ ತೋರಿಸುತ್ತೆ. ಒಂದ್ ಮಾತು, ಅದರ ಮೆಮೊರಿ ಟ್ಯಾಬಲ್ಲಿ ಸ್ಪೀಡು ಅರ್ಧ ತೋರಿಸುತ್ತೆ, 2666 ಇರೋ ರ‍್ಯಾಮ್‌ಗೆ 1330 ಚಿಲ್ಲರೆ ಅಂತ ಬರುತ್ತೆ. ಡಿಡಿಆರ್ ಅಂದ್ರೇನೇ ಡಬಲ್ ಡೇಟಾ ರೇಟ್, ಒಂದು ಗಡಿಯಾರದ ಬಡಿತಕ್ಕೆ ಎರಡು ಸಲ ಡೇಟಾ ಸಾಗಿಸುತ್ತೆ, ಅದಕ್ಕೇ ಆ ನಂಬರನ್ನ ಡಬಲ್ ಮಾಡಿ ಓದ್ಬೇಕು, ಅಂಗಡಿಯವನು ಮೋಸ ಮಾಡಿದ ಅಂತ ಗಾಬರಿ ಆಗ್ಬೇಡಿ.

ಕಂಪ್ಯೂಟರ್ ಆನೇ ಆಗ್ತಿಲ್ಲ ಅಂದ್ರೆ ಸೈಡ್ ಪ್ಯಾನಲ್ ಬಿಚ್ಚಿ, ಬೋರ್ಡ್ ಮೇಲೆ ದಪ್ಪ ಅಕ್ಷರದಲ್ಲಿ ಮಾಡೆಲ್ ಪ್ರಿಂಟ್ ಮಾಡಿರ್ತಾರೆ, ಫೋಟೋ ಹೊಡ್ಕೊಳ್ಳಿ.

ಎರಡನೇ ಸಾಲು ಪೀಳಿಗೆ, ಅಂದ್ರೆ ಡಿಡಿಆರ್3, 4, 5ರಲ್ಲಿ ಯಾವುದು. ಇದರಲ್ಲಿ ರಾಜಿ ಅನ್ನೋದೇ ಇಲ್ಲ, ಒಂದರ ಸ್ಲಾಟಲ್ಲಿ ಇನ್ನೊಂದು ಕೂರಲ್ಲ. ಡಿಡಿಆರ್3ಕ್ಕೆ 240 ಪಿನ್ನು, ಕರೆಂಟು 1.5 ವೋಲ್ಟು. ಡಿಡಿಆರ್4ಕ್ಕೆ 288 ಪಿನ್ನು, 1.2 ವೋಲ್ಟು. ಡಿಡಿಆರ್5ಕ್ಕೂ 288 ಪಿನ್ನೇ, ಆದ್ರೆ 1.1 ವೋಲ್ಟು, ಮತ್ತೆ ಕೆಳಗಡೆ ಚಿನ್ನದ ಬಣ್ಣದ ಹಲ್ಲುಗಳ ಮಧ್ಯೆ ಒಂದು ಕಚ್ಚು ಇರುತ್ತಲ್ಲ, ಆ ಕಚ್ಚು ಬೇರೆ ಜಾಗದಲ್ಲಿರುತ್ತೆ. ಆ ಕಚ್ಚು ಇಟ್ಟಿರೋದೇ ತಪ್ಪು ರ‍್ಯಾಮ್ ಹಾಕ್ಬಾರ್ದು ಅಂತ. ಕೂರ್ತಿಲ್ಲ ಅಂತ ಹೆಬ್ಬೆಟ್ಟಲ್ಲಿ ಬಲ ಹಾಕಿ ಒತ್ತಿ ಸ್ಲಾಟ್ ಸೀಳಿರೋ ಬೋರ್ಡ್‌ಗಳು ನನ್ನ ಕೈಗೂ ಬಂದಿವೆ, ಅದನ್ನ ರಿಪೇರಿ ಮಾಡೋದು ಸುಲಭ ಅಲ್ಲ. ಕೂರ್ತಿಲ್ಲ ಅಂದ್ರೆ ಒಂದೋ ಉಲ್ಟಾ ಹಿಡಿದಿದೀರ, ಇಲ್ಲಾ ರ‍್ಯಾಮೇ ಬೇರೆ.

ಪ್ರೊಸೆಸರ್ ನೋಡಿ ಅಂದಾಜು ಮಾಡೋದು ಹೆಂಗೆ ಅಂದ್ರೆ, ಇಂಟೆಲ್‌ದು 2, 3, 4ನೇ ಜನರೇಷನ್ ಆಗಿದ್ರೆ ಡಿಡಿಆರ್3. 8, 9, 10, 11ನೇದಾದ್ರೆ ಡಿಡಿಆರ್4. ಮಧ್ಯ ಇರೋ 6 ಮತ್ತೆ 7ನೇ ಜನರೇಷನ್ನಲ್ಲಿ ಬಹುತೇಕ ಡಿಡಿಆರ್4ಏ ಆದ್ರೂ ಹೆಚ್110 ಥರದ ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್ಪು) ಇರೋ ಕೆಲವು ಬೋರ್ಡಲ್ಲಿ ಡಿಡಿಆರ್3 ಸ್ಲಾಟ್ ಕೊಟ್ಟಿದಾರೆ, ಹಂಗಾಗಿ ಬರೀ ಪ್ರೊಸೆಸರ್ ಹೆಸರು ಕೇಳಿ ತೀರ್ಮಾನ ಮಾಡ್ಬೇಡಿ. 12, 13, 14ರಲ್ಲಿ ಇನ್ನೂ ಗೊಂದಲ, ಪ್ರೊಸೆಸರ್ ಎರಡಕ್ಕೂ ಒಪ್ಪುತ್ತೆ ಆದ್ರೆ ಬೋರ್ಡ್ ಸಾಮಾನ್ಯವಾಗಿ ಒಂದಕ್ಕೆ ಮಾತ್ರ, ಒಂದೇ ಬಿ660 ಚಿಪ್‌ಸೆಟ್ಟಲ್ಲಿ ಡಿಡಿಆರ್4 ಬೋರ್ಡೂ ಇದೆ ಡಿಡಿಆರ್5 ಬೋರ್ಡೂ ಇದೆ, ಎಷ್ಟೋ ಮಾಡೆಲ್‌ಗಳ ಹೆಸರಿನ ಕೊನೇಲಿ ಡಿ4 ಅಂತ ಸೇರಿಸಿರ್ತಾರೆ, ಅದನ್ನ ಗಮನಿಸಿ. ಎಎಂಡಿಲಿ ಸಲೀಸು, ಎಎಂ4 ಸಾಕೆಟ್ಟಿನ ರೈಜನ್ ಎಲ್ಲಾ ಡಿಡಿಆರ್4, 2022ರಲ್ಲಿ ಬಂದ ಎಎಂ5 ಎಲ್ಲಾ ಡಿಡಿಆರ್5.

ಡಿಡಿಆರ್3ರಲ್ಲೇ ಎಲ್ ಅನ್ನೋದೊಂದಿದೆ, ಡಿಡಿಆರ್3ಎಲ್, ಅದು 1.35 ವೋಲ್ಟಲ್ಲೂ ಓಡುತ್ತೆ 1.5ರಲ್ಲೂ ಓಡುತ್ತೆ, ಹಂಗಾಗಿ ಹಳೇ ಬೋರ್ಡಿಗೆ ಎಲ್ ಹಾಕಿದ್ರೆ ಸಾಮಾನ್ಯವಾಗಿ ನಡೆಯುತ್ತೆ. ಉಲ್ಟಾ ಮಾತ್ರ ಬೇಡ, ಅಂದ್ರೆ 6ನೇ ಜನರೇಷನ್ ಡಿಡಿಆರ್3ಎಲ್ ಬೋರ್ಡಿಗೆ ಸಾದಾ 1.5 ವೋಲ್ಟಿಂದು ಹಾಕ್ಬೇಡಿ, ಆ ಪ್ರೊಸೆಸರ್ ಒಳಗಿರೋ ಮೆಮೊರಿ ಕಂಟ್ರೋಲರ್ ಅಷ್ಟು ವೋಲ್ಟಿಗೆ ಮಾಡಿದ್ದಲ್ಲ.

ಸೈಜ್ ಬಗ್ಗೆ ಬೇಗ ಹೇಳ್ಬಿಡ್ತೀನಿ. ಡೆಸ್ಕ್‌ಟಾಪ್‌ದು ಉದ್ದ, ಲ್ಯಾಪ್‌ಟಾಪ್‌ದು ಅದರ ಅರ್ಧ. ಆದ್ರೆ ಆಫೀಸಿಂದ ಹೊರಗೆ ಬಂದಿರೋ ಸೆಕೆಂಡ್ ಹ್ಯಾಂಡ್ ಪುಟಾಣಿ ಸಿಪಿಯುಗಳು ಬರ್ತವಲ್ಲ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಟೈನಿ ಅಂಥವು, ಅವಕ್ಕೆ ಬೇಕಾಗಿರೋದು ಲ್ಯಾಪ್‌ಟಾಪ್ ರ‍್ಯಾಮು. ಆಲ್ ಇನ್ ಒನ್‌ಗೂ ಸಾಮಾನ್ಯವಾಗಿ ಅದೇ.

ಮೂರನೇ ಸಾಲು, ಬೋರ್ಡು ಎಷ್ಟರ ತನಕ ತಗೊಳ್ಳುತ್ತೆ. ನಮ್ ಕಡೆ ಸೈಬರ್‌ಗಳಲ್ಲಿ, ಸೊಸೈಟಿಗಳಲ್ಲಿ, ತೋಟದ ಮನೆ ಲೆಕ್ಕದ ಟೇಬಲ್ ಮೇಲೆ ಇನ್ನೂ ಹಳೇ ಬೋರ್ಡ್‌ಗಳೇ ಜಾಸ್ತಿ, ಅದಕ್ಕೆ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಹೆಚ್61 ಮತ್ತೆ ಹೆಚ್81 ಬೋರ್ಡ್ ಆದ್ರೆ ಎರಡು ಸ್ಲಾಟು, ಒಟ್ಟು 16 ಜಿಬಿ, ಒಂದೊಂದು ಸ್ಲಾಟಿಗೆ 8ರ ಮೇಲೆ ಇಲ್ಲ. ಹೆಚ್110ಕ್ಕೆ ಎರಡು ಸ್ಲಾಟು, ಒಟ್ಟು 32. ಹೆಚ್410 ಆದ್ರೆ 64ರ ತನಕ ಹೋಗುತ್ತೆ. ಕೋರ್ 2 ಡ್ಯುಯೋ ಕಾಲದ ಜಿ41 ಬೋರ್ಡ್ ಇಟ್ಕೊಂಡಿರೋರು ಸ್ವಲ್ಪ ನಿಧಾನಿಸಿ, ಅದು ಒಟ್ಟು 8 ಜಿಬಿ ತಗೊಳ್ಳುತ್ತೆ ನಿಜ, ಆದ್ರೆ ದೊಡ್ಡ ಡೆನ್ಸಿಟಿ, ಅಂದ್ರೆ ಒಂದೊಂದರಲ್ಲೇ ಜಾಸ್ತಿ ಮೆಮೊರಿ ತುಂಬಿರೋ ಚಿಪ್ಪು ಅದಕ್ಕೆ ಗೊತ್ತಾಗಲ್ಲ, 4 ಜಿಬಿ ಸ್ಟಿಕ್ ಹಾಕ್ತೀರ ಅಂದ್ರೆ ಎರಡೂ ಕಡೆ ಎಂಟೆಂಟು, ಒಟ್ಟು 16 ಚಿಪ್ ಇರೋ ಹಳೇ ಥರದ್ದೇ ಬೇಕು, ಒಂದೇ ಕಡೆ 8 ಚಿಪ್ ಇರೋ 4 ಜಿಬಿ ಸ್ಟಿಕ್ ಹಾಕಿದ್ರೆ ನಡೆಯಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಜಿ41ಗೆ ಇನ್ನು ದುಡ್ಡು ಹಾಕೋದು ಬೇಡ, ಅದೇ ದುಡ್ಡು ಸೇರಿಸಿಟ್ಟು 8ನೇ ಜನರೇಷನ್ನಿನ ಸೆಕೆಂಡ್ ಹ್ಯಾಂಡ್ ಸಿಪಿಯು ತಗೊಳ್ಳಿ.

ನಿಮ್ಮ ಬೋರ್ಡಿನ ಮಿತಿ ಖಚಿತವಾಗಿ ಬೇಕು ಅಂದ್ರೆ ಬೋರ್ಡ್ ಕಂಪನಿ ಸೈಟಲ್ಲಿ ಮಾಡೆಲ್ ಹಾಕಿ ಸ್ಪೆಸಿಫಿಕೇಷನ್ ಪೇಜ್ ತೆಗೀರಿ, ಮೆಮೊರಿ ಅನ್ನೋ ಕಡೆ ಪೀಳಿಗೆ, ಸ್ಲಾಟು, ಗರಿಷ್ಠ ಎಷ್ಟು, ಎಲ್ಲಾ ಒಂದೇ ಸಾಲಲ್ಲಿ ಇರುತ್ತೆ. ಕೆಲವರು ಕ್ಯೂವಿಎಲ್ ಅಂತ ಒಂದು ಪಟ್ಟಿ ಕೊಟ್ಟಿರ್ತಾರೆ, ಅಂದ್ರೆ ಅವರೇ ಆ ಬೋರ್ಡಲ್ಲಿ ಹಾಕಿ ಟೆಸ್ಟ್ ಮಾಡಿರೋ ರ‍್ಯಾಮ್‌ಗಳ ಪಟ್ಟಿ. ಪಟ್ಟೀಲಿ ಇಲ್ಲದ್ದು ನಡೆಯಲ್ಲ ಅಂತ ಅರ್ಥ ಅಲ್ಲ, ಆದ್ರೆ ಡಿಡಿಆರ್5 ತಗೊಳ್ಳೋರು ಪಟ್ಟೀಲಿರೋದನ್ನೇ ತಗೊಂಡ್ರೆ ತಲೆನೋವು ಕಮ್ಮಿ.

ಈಗ ಲೇಬಲ್ ಓದೋದು. ಇದನ್ನ ಕಲಿತ್ಬಿಟ್ರೆ ನಿಮಗೆ ಯಾರೂ ಯಾಮಾರಿಸೋಕಾಗಲ್ಲ.

ಒಂದು ಡಿಡಿಆರ್4 ಸ್ಟಿಕ್ ಮೇಲೆ ಸಾಮಾನ್ಯವಾಗಿ ಹಿಂಗಿರುತ್ತೆ: 8ಜಿಬಿ 1ಆರ್‌ಎಕ್ಸ್8 ಪಿಸಿ4-2666ವಿ-ಯುಎ2. ಇದರಲ್ಲಿ 8ಜಿಬಿ ಗೊತ್ತೇ ಇದೆ. 1ಆರ್ ಅಂದ್ರೆ ಒಟ್ಟಿಗೆ ಕೆಲಸ ಮಾಡೋ ಚಿಪ್ಪುಗಳ ಒಂದು ಗುಂಪು, ಒಂದು ರ‍್ಯಾಂಕು, ಎಕ್ಸ್8 ಅಂದ್ರೆ ಒಂದೊಂದು ಚಿಪ್ಪು ಒಂದ್ ಸಲಕ್ಕೆ 8 ಬಿಟ್ ಕೊಡುತ್ತೆ, ಪ್ರೊಸೆಸರಿಗೆ ಬೇಕಾಗಿರೋದು 64 ಬಿಟ್ಟು, ಅಂದ್ರೆ 8 ಚಿಪ್ಪು. ಇದೇ ಜಾಗದಲ್ಲಿ 1ಆರ್‌ಎಕ್ಸ್16 ಅಂತಿದ್ರೆ ನಾಲ್ಕೇ ಚಿಪ್ಪಲ್ಲಿ ಮುಗಿಸಿದಾರೆ ಅಂತ, ಓಡುತ್ತೆ, ಸ್ವಲ್ಪ ನಿಧಾನ, ಎರಡೂ ಒಂದೇ ರೇಟಲ್ಲಿ ಸಿಕ್ರೆ ಎಕ್ಸ್8 ತಗೊಳ್ಳಿ. ಪಿಸಿ4 ಅಂದ್ರೆ ಡಿಡಿಆರ್4. 2666 ಸ್ಪೀಡು. ಆಮೇಲೆ ಎರಡನೇ ಗೆರೆ ಆದ್ಮೇಲೆ ಬರೋ ಅಕ್ಷರ ಯು, ಅದೇ ಮುಖ್ಯ. ಯು ಇದ್ರೆ ಡೆಸ್ಕ್‌ಟಾಪು, ಎಸ್ ಇದ್ರೆ ಲ್ಯಾಪ್‌ಟಾಪು, ಇ ಇದ್ರೆ ಇಸಿಸಿ ಅಂದ್ರೆ ತಪ್ಪು ಹುಡುಕೋ ಥರದ್ದು, ಆರ್ ಅಥವಾ ಎಲ್ ಇದ್ರೆ ಸರ್ವರ್‌ದು. ಡಿಡಿಆರ್3 ಸ್ಟಿಕ್ಕಲ್ಲಿ ಈ ಅಕ್ಷರ ನಂಬರಿಗೆ ಅಂಟ್ಕೊಂಡೇ ಇರುತ್ತೆ, ಅಕ್ಕನ ಕಥೇಲಿ ನೋಡಿದ್ರಲ್ಲ ಹಂಗೆ. ಅದರಲ್ಲಿ ಸ್ಪೀಡ್ ಬೇರೆ ಥರ ಬರೆದಿರ್ತಾರೆ, 12800 ಅಂದ್ರೆ ಸೆಕೆಂಡಿಗೆ ಸಾಗೋ ಮೆಗಾಬೈಟು, ಅದನ್ನ 8ರಿಂದ ಭಾಗಿಸಿದ್ರೆ 1600 ಬರುತ್ತೆ, ಅದೇ ನಾವು ಹೇಳೋ ಸ್ಪೀಡು. 10600 ಇದ್ರೆ 1333. ಡಿಡಿಆರ್4ರಲ್ಲೂ ಕೆಲವು ಕಡೆ 21300 ಅಂತಿರುತ್ತೆ ಅದು 2666, 25600 ಅಂತಿದ್ರೆ 3200.

ಲೇಬಲ್ ಕಿತ್ತೋಗಿದ್ರೆ ಚಿಪ್ ಎಣಿಸಿ. ಡಿಡಿಆರ್3, ಡಿಡಿಆರ್4ರಲ್ಲಿ ಒಂದು ಕಡೆ 8 ಇದ್ರೆ ಸಾದಾ, ಒಂಬತ್ತನೇದೊಂದು ಸಾಲಲ್ಲಿ ಸೇರ್ಕೊಂಡಿದ್ರೆ ಇಸಿಸಿ, ಆ ಒಂಬತ್ತನೇ ಚಿಪ್ಪು ತಪ್ಪು ಹುಡುಕೋ ಲೆಕ್ಕ ಇಟ್ಕೊಳ್ಳೋಕೆ ಇರೋದು. ನಡುವೆ ಇನ್ನೊಂದು ಬೇರೆ ಆಕಾರದ ಚಿಪ್ಪು ಕೂತಿದ್ರೆ ಅದು ಸರ್ವರ್‌ಗೆ ಬಳಸೋ ರಿಜಿಸ್ಟರ್ಡ್ ರ‍್ಯಾಮು. ಕೆಲವು ಜಾಹೀರಾತಲ್ಲಿ "ಓನ್ಲಿ ಫಾರ್ ಎಎಂಡಿ" ಅಂತ ಡಿಡಿಆರ್3 8 ಜಿಬಿ ಕಮ್ಮಿ ರೇಟಿಗೆ ಇರುತ್ತೆ, ಅದರಲ್ಲಿ ಎಕ್ಸ್4 ಚಿಪ್ ಹಾಕಿರ್ತಾರೆ, ಇಂಟೆಲ್ ಬೋರ್ಡಲ್ಲಿ ನಡೆಯಲ್ಲ, ರೇಟ್ ನೋಡಿ ಆಸೆಪಡ್ಬೇಡಿ.

ಸ್ಪೀಡ್ ಬಗ್ಗೆ ಜನ ಜಾಸ್ತಿ ತಲೆಕೆಡಿಸ್ಕೋತಾರೆ, ಅಷ್ಟು ಬೇಕಾಗಿಲ್ಲ. ಜಾಸ್ತಿ ಸ್ಪೀಡಿನ ರ‍್ಯಾಮ್ ಕಮ್ಮಿ ಸ್ಪೀಡಿನ ಬೋರ್ಡಲ್ಲಿ ತಗ್ಗಿಸ್ಕೊಂಡು ಓಡುತ್ತೆ. 8ನೇ ಜನರೇಷನ್ ಐ3 ಒಪ್ಪೋದು 2400, ಅದೇ ಜನರೇಷನ್ ಐ5 ಒಪ್ಪೋದು 2666, ಅಲ್ಲಿಗೆ 3200 ಹಾಕಿದ್ರೆ ಏನೂ ಕೆಡಲ್ಲ, ಆದ್ರೆ 3200ರ ಲಾಭನೂ ಸಿಗಲ್ಲ. ಎರಡು ಬೇರೆ ಸ್ಪೀಡಿನ ಸ್ಟಿಕ್ ಒಟ್ಟಿಗೆ ಹಾಕಿದ್ರೆ ಎರಡೂ ನಿಧಾನದ್ದರ ಜೊತೆ ಹೆಜ್ಜೆ ಹಾಕ್ತವೆ, ಜೋಡೆತ್ತು ಗಾಡಿ ಹೊಡೆದಿರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಹಂಗಾಗಿ ಹಳೇದು 2400 ಇದ್ದು ಅದನ್ನ ಉಳಿಸ್ಕೊಂಡೇ ಇನ್ನೊಂದು ಹಾಕ್ತೀರ ಅಂದ್ರೆ 2400, 2666, 3200 ಯಾವುದು ಚೆನ್ನಾಗಿರೋದು ಕಮ್ಮಿಗೆ ಸಿಗ್ತೋ ಅದನ್ನ ತಗೊಳ್ಳಿ. 3600 ಅಂತ ಬಾಕ್ಸ್ ಮೇಲೆ ಬರೆದಿರೋ ಬಣ್ಣಬಣ್ಣದ ಗೇಮಿಂಗ್ ರ‍್ಯಾಮ್ ಇದ್ಯಲ್ಲ, ಆ ಸ್ಪೀಡ್ ಬರೋದು ಬಯಾಸಲ್ಲಿ, ಅಂದ್ರೆ ವಿಂಡೋಸ್‌ಗೂ ಮುಂಚೆ ಬರೋ ಬೋರ್ಡಿನ ಸೆಟ್ಟಿಂಗಲ್ಲಿ, ಎಕ್ಸ್‌ಎಂಪಿ ಅನ್ನೋ ಆಯ್ಕೆ ಆನ್ ಮಾಡಿದ್ರೆ ಮಾತ್ರ, ಇಂಟೆಲ್‌ನ ಹಳೇ ಹೆಚ್ ಮತ್ತೆ ಬಿ ಸೀರೀಸ್ ಬೋರ್ಡಲ್ಲಿ ಪ್ರೊಸೆಸರ್ ಒಪ್ಪಿರೋದಕ್ಕಿಂತ ಮೇಲೆ ಹೋಗೋಕೇ ಬಿಡಲ್ಲ. ಅದಕ್ಕೆ ದುಡ್ಡು ಸುರೀಬೇಡಿ.

ಒಂದಾ ಎರಡಾ ಅನ್ನೋದು ಮಾತ್ರ ಯೋಚನೆ ಮಾಡೋ ವಿಷಯ. ಬೋರ್ಡಲ್ಲಿ ಮೆಮೊರಿಗೆ ಎರಡು ದಾರಿ ಇರುತ್ತೆ, ಎರಡರಲ್ಲೂ ಒಂದೊಂದು ಸ್ಟಿಕ್ ಇದ್ರೆ ಡ್ಯುಯಲ್ ಚಾನಲ್, ಡೇಟಾ ಎರಡೂ ದಾರೀಲಿ ಸಾಗುತ್ತೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸಲ್ಲೇ ಕೆಲಸ ಮಾಡೋರಿಗೆ, ಅದರಲ್ಲೂ ರೈಜನ್ 3200ಜಿ, 5600ಜಿ ಥರದ್ದು ಇರೋರಿಗೆ ಇದರ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ, ಯಾಕಂದ್ರೆ ಆ ಗ್ರಾಫಿಕ್ಸು ಬಳಸೋದು ಇದೇ ರ‍್ಯಾಮನ್ನ. ಹಂಗಾಗಿ ಎರಡೇ ಸ್ಲಾಟ್ ಇರೋರು 16 ಬೇಕು ಅಂದ್ರೆ 8 ಮತ್ತೆ 8 ಹಾಕಿ. ಮುಂದೆ 32 ಮಾಡ್ತೀನಿ ಅಂತ ಗಟ್ಟಿಯಾಗಿ ಗೊತ್ತಿದ್ರೆ ಮಾತ್ರ ಒಂದು 16 ಹಾಕಿ ಇನ್ನೊಂದು ಸ್ಲಾಟ್ ಖಾಲಿ ಬಿಡಿ. ಎರಡೂ ಒಂದೇ ಅಳತೆ ಇರ್ಬೇಕು ಅಂತ ಕಡ್ಡಾಯ ಏನಿಲ್ಲ, ಅಕ್ಕನ ಕಂಪ್ಯೂಟರಲ್ಲಿ ಕೊನೆಗೆ ಹಳೇ 4ರ ಜೊತೆ 8 ಹಾಕಿದ್ವಿ, ಇಂಟೆಲಲ್ಲಿ ಅದನ್ನ ಫ್ಲೆಕ್ಸ್ ಮೋಡ್ ಅಂತಾರೆ, 4 ಮತ್ತೆ 4 ಸೇರಿ 8 ಜಿಬಿ ಡ್ಯುಯಲ್ ಚಾನಲಲ್ಲಿ ಓಡುತ್ತೆ, ಉಳಿದ 4 ಒಂಟಿ ದಾರೀಲಿ. ಹಳೇದನ್ನ ಬಿಸಾಕೋಕಿಂತ ಇದು ಎಷ್ಟೋ ವಾಸಿ.

ಎಷ್ಟು ಸಾಕು ಅಂತ ಕೇಳ್ತೀರ. ಟೈಪಿಂಗು, ಟ್ಯಾಲಿ, ಅರ್ಜಿ ತುಂಬೋದು, ಯೂಟ್ಯೂಬು ಇಷ್ಟೇ ಆದ್ರೆ 8. ಫೋಟೋಶಾಪು ಕೋರಲ್‌ಡ್ರಾ ಎರಡೂ ತೆಗೆದಿಟ್ಟು ಫ್ಲೆಕ್ಸ್ ಬ್ಯಾನರ್ ಡಿಸೈನ್ ಮಾಡೋರಿಗೆ 16. ಮದುವೆ ವಿಡಿಯೋ ಎಡಿಟಿಂಗ್ ಮಾಡೋರು 32 ಯೋಚನೆ ಮಾಡಿ.

ಈಗ ಕೊಳ್ಳೋದು. 2025ರ ಕೊನೆಯಿಂದ ರ‍್ಯಾಮ್ ರೇಟ್ ಜೋರಾಗಿ ಏರಿತು, ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ಪಿನ ಬೇಡಿಕೆ ಹೆಚ್ಚಾಗಿ ಚಿಪ್ ಮಾಡೋ ಕಂಪನಿಗಳು ಆ ಕಡೆಗೇ ಜಾಸ್ತಿ ಕೊಡೋಕೆ ಶುರು ಮಾಡಿದ್ವು, ನಮ್ಮಂಥವ್ರು ಕೊಳ್ಳೋ ಸ್ಟಿಕ್ಕಿಗೆ ಅದರ ಬಿಸಿ ತಟ್ಟಿತು. ರೇಟ್ ಏರಿದಾಗಲೇ ಹಳೇ ಮಾಲಿಗೆ ಹೊಸ ಸ್ಟಿಕ್ಕರ್ ಹಚ್ಚಿ ಮಾರೋದೂ ಜಾಸ್ತಿ ಆಗುತ್ತೆ, ಹಂಗಾಗಿ ಬಿಲ್ ಇಲ್ಲದೆ ಹೊಸ ರ‍್ಯಾಮ್ ತಗೊಳ್ಲೇಬೇಡಿ, ವಾರಂಟಿ ಸಿಗೋದು ಬಿಲ್ ಇದ್ರೇನೇ. ಡಿಡಿಆರ್3 ಅಂತೂ ಹೊಸದು ಹುಡುಕೋದೇ ಬೇಡ, ಸೆಕೆಂಡ್ ಹ್ಯಾಂಡೇ ವಾಸಿ, ರ‍್ಯಾಮಲ್ಲಿ ತಿರುಗೋದು ಸವೆಯೋದು ಏನೂ ಇಲ್ಲ, ಚೆನ್ನಾಗಿ ಓಡ್ತಿರೋ ಸ್ಟಿಕ್ ಇನ್ನೂ ವರ್ಷಾನುಗಟ್ಟಲೆ ಓಡುತ್ತೆ. ಆದ್ರೆ ಅಂಗಡಿಯವ್ರ ಹತ್ರ ಒಂದು ಮಾತು ಮೊದಲೇ ಆಡ್ಕೊಳ್ಳಿ, "ಅಣ್ಣ, ಹಾಕಿ ನೋಡ್ತೀನಿ, ಎರಡು ದಿನದಲ್ಲಿ ಪ್ರಾಬ್ಲಂ ಬಂದ್ರೆ ವಾಪಸ್ ತಗೋಬೇಕು" ಅಂತ. ಒಳ್ಳೇ ಅಂಗಡಿಯವ್ರು ಇದಕ್ಕೆ ಇಲ್ಲ ಅನ್ನಲ್ಲ. ಅಕ್ಕಂಗೆ ಹಾಸನದಲ್ಲೇ ಒಂದು ಅಂಗಡೀಲಿ ಚೀಟಿ ತೋರಿಸ್ದೆ, ಅವ್ರು ಡಬ್ಬಿಯಿಂದ ನಾಲ್ಕು ಸ್ಟಿಕ್ ತೆಗೆದು ಮುಂದಿಟ್ರು, ಅದರಲ್ಲಿ 2ಆರ್‌ಎಕ್ಸ್8 ಪಿಸಿ3-12800ಯು ಇರೋದು ಒಂದನ್ನ ಆರಿಸಿ ತಂದೆ. ಸಾಧ್ಯ ಆದ್ರೆ ಹಳೇ ಸ್ಟಿಕ್ಕನ್ನೇ ಕಿತ್ತು ಜೊತೆಗೆ ಒಯ್ಯಿರಿ, ಇಲ್ಲಾಂದ್ರೆ ಲೇಬಲ್ಲಿನ ಫೋಟೋ ಸಾಕು.

ಹಾಕೋದು ಐದು ನಿಮಿಷದ ಕೆಲಸ, ಆದ್ರೆ ಆತುರ ಬೇಡ. ಶಟ್‌ಡೌನ್ ಮಾಡಿ ಪ್ಲಗ್ಗನ್ನೇ ಕಿತ್ತಿಡಿ, ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡ್ಕೊಂಡ್ರೆ ಒಳಗೆ ಉಳಿದಿರೋ ಚೂರುಪಾರು ಕರೆಂಟೂ ಖಾಲಿ ಆಗುತ್ತೆ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಕಬ್ಬಿಣದ ಭಾಗ ಒಂದ್ ಸಲ ಮುಟ್ಟಿ, ಫೆಬ್ರವರಿ ಮಾರ್ಚಿನ ಒಣಹವೆಯಲ್ಲಿ ಮೈಮೇಲೆ ಸ್ಟ್ಯಾಟಿಕ್ ಕೂತಿರುತ್ತೆ, ಅದು ಚಿಪ್ಪಿಗೆ ಆಗಲ್ಲ. ಸ್ಲಾಟಲ್ಲಿ ಧೂಳಿದ್ರೆ ಹೊಸ ಪೇಂಟಿಂಗ್ ಬ್ರಷಲ್ಲಿ ಮೆತ್ತಗೆ ಗುಡಿಸಿ. ಎರಡೂ ಕಡೆ ಕ್ಲಿಪ್ ಹೊರಗೆ ಬಾಗಿಸಿ, ಕೆಲವು ಬೋರ್ಡಲ್ಲಿ ಒಂದೇ ಕಡೆ ಇರುತ್ತೆ, ಸ್ಟಿಕ್ಕಿನ ಕಚ್ಚು ಸ್ಲಾಟಿನ ಉಬ್ಬಿಗೆ ಎದುರಾಗಿ ಹಿಡಿದು ಎರಡೂ ತುದೀಲಿ ಹೆಬ್ಬೆಟ್ಟಿಟ್ಟು ನೇರ ಕೆಳಗೆ ಒತ್ತಿ, ಟಕ್ ಅಂತ ಕ್ಲಿಪ್ ತಾನೇ ಮುಚ್ಕೊಳ್ಳುತ್ತೆ. ಹಲ್ಲುಗಳನ್ನ ಬೆರಳಲ್ಲಿ ಮುಟ್ಬೇಡಿ. ನಾಲ್ಕು ಸ್ಲಾಟಿನ ಬೋರ್ಡಲ್ಲಿ ಎರಡೇ ಸ್ಟಿಕ್ ಹಾಕೋದಾದ್ರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇದು ಮತ್ತೆ ನಾಲ್ಕನೇದು.

ಆನ್ ಮಾಡಿದಾಗ ಡಿಸ್ಪ್ಲೇ ಬರಲಿಲ್ಲ ಅಂದ್ರೆ ಎದೆ ಒಡ್ಕೋಬೇಡಿ. ಡಿಡಿಆರ್5 ಬೋರ್ಡಾಗಿದ್ರೆ, ಅದರಲ್ಲೂ ಎಎಂ5 ಆಗಿದ್ರೆ, ಮೊದಲ ಸಲ ಹೊಸ ರ‍್ಯಾಮನ್ನ ಪರಿಚಯ ಮಾಡ್ಕೊಳ್ಳೋಕೆ ಕೆಲವು ನಿಮಿಷ ತಗೊಳ್ಳುತ್ತೆ, ಅಷ್ಟು ಹೊತ್ತು ಸ್ಕ್ರೀನ್ ಕಪ್ಪಗೇ ಇರುತ್ತೆ, ಮಧ್ಯ ಆಫ್ ಮಾಡ್ದೆ ಕಾಯಿರಿ. ಬೇರೆ ಬೋರ್ಡಾದ್ರೆ ಆಫ್ ಮಾಡಿ, ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ಆಮೇಲೆ ಒಂದೊಂದೇ ಸ್ಟಿಕ್ ಹಾಕಿ ನೋಡಿ, ಹೊಸದೊಂದೇ, ಹಳೇದೊಂದೇ, ಸ್ಲಾಟ್ ಬದಲಾಯಿಸಿ, ಹಿಂಗೆ ಮಾಡಿದ್ರೆ ತಪ್ಪು ಸ್ಟಿಕ್ಕಿಂದೋ ಸ್ಲಾಟಿಂದೋ ಗೊತ್ತಾಗಿಹೋಗುತ್ತೆ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಬೋರ್ಡಿನ ದುಂಡನೇ ಸೆಲ್, ಸಿಆರ್2032, ಅದನ್ನ ಐದು ನಿಮಿಷ ತೆಗೆದಿಟ್ಟು ಹಾಕಿ, ಬಯಾಸ್ ಹಳೇ ಸೆಟ್ಟಿಂಗ್ ಮರೆತು ಹೊಸದಾಗಿ ಶುರು ಮಾಡುತ್ತೆ.

ಮಲೆನಾಡ ಕಡೆಯವ್ರಿಗೆ ಒಂದು ಮಾತು ಬೇರೆಯಾಗಿ ಹೇಳ್ಬೇಕು. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಹದಿನೈದು ದಿನ ಕಂಪ್ಯೂಟರ್ ಆನ್ ಮಾಡ್ದೆ ಬಿಟ್ರೆ ಥಂಡಿಗೆ ಆ ಚಿನ್ನದ ಬಣ್ಣದ ಹಲ್ಲು ಮಂಕಾಗುತ್ತೆ, ಆಮೇಲೆ ಆನ್ ಮಾಡಿದ್ರೆ ಬೀಪ್ ಬರುತ್ತೆ, ಜನ ರ‍್ಯಾಮ್ ಹೋಯ್ತು ಅಂತ ಹೊಸದು ತರೋಕೆ ಹೊರಡ್ತಾರೆ. ತಡೀರಿ. ಮಕ್ಕಳ ಬಿಳೀ ರಬ್ಬರ್ ತಗೊಂಡು ಆ ಹಲ್ಲುಗಳ ಮೇಲೆ ಎರಡೂ ಕಡೆ ಹಗುರವಾಗಿ ಉಜ್ಜಿ, ರಬ್ಬರಿನ ಪುಡಿ ಒಂದು ಕಣನೂ ಉಳೀದಂಗೆ ಬ್ರಷಲ್ಲಿ ಒರೆಸಿ, ಮತ್ತೆ ಹಾಕಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿ ಹೋಗುತ್ತೆ, ಒಂದ್ ರೂಪಾಯಿ ಖರ್ಚಿಲ್ಲ.

ಡಿಸ್ಪ್ಲೇ ಬಂತು ಅಂದ್ಮೇಲೂ ಕೆಲಸ ಮುಗಿದಿಲ್ಲ. ಟಾಸ್ಕ್ ಮ್ಯಾನೇಜರಲ್ಲಿ ಒಟ್ಟು ಜಿಬಿ, ಸ್ಪೀಡು, ಸ್ಲಾಟು ಚೀಟೀಲಿರೋದಕ್ಕೆ ತಾಳೆ ಆಗುತ್ತಾ ನೋಡಿ. 16 ಹಾಕಿದ್ರೆ 15.9 ಅಂತ ಬರೋದು, ಒಳಗಿನ ಗ್ರಾಫಿಕ್ಸ್ ಇದ್ರೆ ಇನ್ನೂ ಸ್ವಲ್ಪ ಕಮ್ಮಿ ಬರೋದು ಸಹಜ, ಆದ್ರೆ ಅರ್ಧಕ್ಕರ್ಧ ಮಾಯ ಆಗಿ 7.9 ಯೂಸಬಲ್ ಅಂತ ಬಂದ್ರೆ ಸ್ಟಿಕ್ ಸರಿ ಕೂತಿಲ್ಲ, ಇಲ್ಲಾ ವಿಂಡೋಸಿನ ಎಂಎಸ್‌ಕಾನ್ಫಿಗ್ (msconfig) ಅನ್ನೋ ಟೂಲಿನ ಬೂಟ್ ಸೆಟ್ಟಿಂಗಲ್ಲಿ ಯಾರೋ ಮ್ಯಾಕ್ಸಿಮಮ್ ಮೆಮೊರಿ ಟಿಕ್ ಮಾಡಿದಾರೆ. ಆಮೇಲೆ ಸ್ಟಾರ್ಟಲ್ಲಿ ಎಂಡಿಸ್ಕೆಡ್ (mdsched) ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಬರುತ್ತೆ, ಅದು ರೀಸ್ಟಾರ್ಟ್ ಆಗಿ ತಾನೇ ಪರೀಕ್ಷೆ ಮಾಡುತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡಿರೋರು ಅಷ್ಟಕ್ಕೇ ಬಿಡ್ಬೇಡಿ, ಮೆಮ್‌ಟೆಸ್ಟ್86 ಅನ್ನೋದನ್ನ ಪೆನ್‌ಡ್ರೈವಿಗೆ ಹಾಕ್ಕೊಂಡು ಅದರಿಂದ ಬೂಟ್ ಮಾಡಿ ರಾತ್ರಿ ಪೂರ್ತಿ ಓಡೋಕೆ ಬಿಡಿ, ಯುಪಿಎಸ್ ಇದ್ರೆ ಒಳ್ಳೇದು, ನಮ್ ಕಡೆ ಕರೆಂಟ್ ಯಾವಾಗ ಹೋಗುತ್ತೆ ಹೇಳೋಕಾಗಲ್ಲ. ಬೆಳಗ್ಗೆ ಎದ್ದು ನೋಡಿದಾಗ ಎರರ್ ಸೊನ್ನೆ ಇರ್ಬೇಕು. ಒಂದೇ ಒಂದು ಎರರ್ ಇದ್ರೂ ಆ ಸ್ಟಿಕ್ ವಾಪಸ್ ಕೊಡಿ, ಒಂದ್ ತಾನೆ ಅಂತ ಬಿಟ್ರೆ ನಾಳೆ ಯಾರದ್ದೋ ಲೆಕ್ಕದ ಫೈಲ್ ಹಾಳಾಗಿರುತ್ತೆ, ಯಾಕೆ ಹಾಳಾಯ್ತು ಅಂತಾನೂ ನಿಮಗೆ ಗೊತ್ತಾಗಲ್ಲ.

ಅಕ್ಕನದ್ದು ರಾತ್ರಿ ಒಂಬತ್ತಕ್ಕೆ ಹಚ್ಚಿಟ್ಟು ಬಂದಿದ್ದೆ, ಬೆಳಗ್ಗೆ ಅವಳೇ ಸ್ಕ್ರೀನಿನ ಫೋಟೋ ಕಳಿಸಿದ್ಲು, ಎರರ್ 0 ಇತ್ತು. ಆ ಚೀಟೀನ ಬಿಸಾಕ್ಬೇಡ ಅಂತ ಹೇಳಿ ಕೆಳಗೆ ಇನ್ನೆರಡು ಸಾಲು ಸೇರಿಸೋಕೆ ಹೇಳ್ದೆ, ಹೊಸ ಸ್ಟಿಕ್ ಹಾಕಿದ ತಾರೀಕು, ತಗೊಂಡ ಅಂಗಡಿ. ಈಗ ಅದು ಅವಳ ಕ್ಯಾಬಿನೆಟ್ಟಿನ ಸೈಡ್ ಪ್ಯಾನಲ್ ಒಳಗಡೆ ಸೆಲ್ಲೋ ಟೇಪಲ್ಲಿ ಅಂಟಿದೆ. ನೀವೂ ಅಲ್ಲೇ ಅಂಟಿಸಿ, ಮುಂದಿನ ಸಲ ಬಿಚ್ಚೋರು ಯಾರೇ ಆಗಿರ್ಲಿ, ಪ್ಯಾನಲ್ ತೆಗೆದ ತಕ್ಷಣ ಕಾಣುತ್ತೆ.